ಹಸಿರಂಗಳ ಉಳ್ಳವರ ಸ್ವತ್ತಾಗಬೇಕಿಲ್ಲ

ಮಾನ್ಯ ಸಂಪಾದಕರೇ,

ಮನೆ ಕಟ್ಟಿ ಮುಗಿಸುವ ಹೊತ್ತಿಗೆ ಕೈ ಬರಿದಾಗಿರುತ್ತದೆ. ಅಂಗಳದ ಸರದಿ ಬಂದಾಗ ಉಳಿದ ಕಾಸಿನಲ್ಲಿ ನೆಲಕ್ಕೆ ಸಿಮೆಂಟು ಬಳಿಸಿ, ಗೇಟಿನ ಪಕ್ಕ ನಾಲ್ಕು ಕುಂಡ ಇಟ್ಟು ಸುಮ್ಮನಾಗುವವರೇ ಹೆಚ್ಚು. ಹಕ್ಕಿ, ಚಿಟ್ಟೆ, ಜೇನು ಬಂದುಹೋಗುವಂಥ ಅಂಗಳ ಬೇಕೆಂಬ ಆಸೆ ಅವರಿಗೂ ಇರುತ್ತದೆ. ಆದರೆ ಅದು ದುಡ್ಡಿದ್ದವರ ಬಾಬತ್ತು ಎಂಬ ನಂಬಿಕೆ ಗಟ್ಟಿಯಾಗಿ ಕೂತಿದೆ. ಈ ನಂಬಿಕೆ ತಪ್ಪು. ಯಾಕೆ ತಪ್ಪು, ಕಡಿಮೆ ಖರ್ಚಿನಲ್ಲಿ ಇದನ್ನು ಮಾಡುವುದು ಹೇಗೆ, ಎಲ್ಲಿ ಕೆಡುತ್ತದೆ ಎಂಬುದನ್ನು ಲೆಕ್ಕ ಸಮೇತ ಹೇಳಲು ಈ ಪತ್ರ. ಉದ್ದವಾಗಿದ್ದರೆ ಕ್ಷಮಿಸಿ, ಕತ್ತರಿಸದೆ ಪ್ರಕಟಿಸಿದರೆ ಉಪಕಾರವಾಗುತ್ತದೆ.

ಗುತ್ತಿಗೆಯವರು ಕೊಡುವ ತೋಟದ ಅಂದಾಜುಪಟ್ಟಿಯನ್ನು ಬಿಡಿಸಿ ನೋಡಿ. ಕಲ್ಲುಹಾಸು, ಹೊರಗಿನಿಂದ ತರಿಸುವ ಮಣ್ಣು, ಚಾಪೆಯಂತೆ ಸುತ್ತಿ ತಂದು ಹಾಸುವ ಹುಲ್ಲು, ಆಳೆತ್ತರದ ಗಿಡಗಳು, ಅವನ್ನು ಸಾಗಿಸುವ ಲಾರಿ, ಅವು ಬದುಕಿ ಉಳಿಯಲು ಬೇಕಾದ ನೀರಾವರಿ. ಇವೆಲ್ಲವೂ ಹದಿನೈದು ದಿನದಲ್ಲಿ ತೋಟ ಕಾಣಬೇಕು ಎಂಬ ಒಂದೇ ಕಾರಣಕ್ಕೆ ಪಟ್ಟಿ ಸೇರಿದವು. ಮೂರು ವರ್ಷ ಕಾಯುತ್ತೇನೆ ಎಂದು ಮನೆಯವರು ಒಪ್ಪಿದ ಕ್ಷಣ ಪಟ್ಟಿಯ ಬಹುಪಾಲು ತಾನಾಗಿಯೇ ಅಳಿಸಿಹೋಗುತ್ತದೆ. ಅಂಗಳದ ಖರ್ಚು ಮೂಲತಃ ಅವಸರದ ಖರ್ಚು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿವರಣೆ.

ಮೊದಲು ಮಣ್ಣು. ಹೊಸ ಮನೆಯ ಸುತ್ತಲಿನ ನೆಲದಲ್ಲಿ ಗಾರೆ, ಇಟ್ಟಿಗೆ ಚೂರು, ಜಲ್ಲಿ ತುಂಬಿರುತ್ತದೆ. ಲಾರಿಗಳು ಓಡಾಡಿ ಅದು ಗಟ್ಟಿಯಾಗಿರುತ್ತದೆ. ಇದನ್ನು ನೋಡಿ ಗಾಬರಿಯಾಗಿ ಕೆಂಪು ಮಣ್ಣು ತರಿಸಿ ಅರ್ಧ ಅಡಿ ಹರಡುತ್ತಾರೆ. ಹೀಗೆ ಬಂದ ಮಣ್ಣಿನ ಜೊತೆ ಎಲ್ಲಿಯದೋ ಕಳೆಬೀಜ ಬರುತ್ತದೆ, ಕೆಳಗಿನ ಗಟ್ಟಿ ಪದರ ಹಾಗೇ ಉಳಿದು ಬೇರು ಅಲ್ಲಿಗೆ ಬಂದು ಅಡ್ಡ ತಿರುಗುತ್ತದೆ, ಮಳೆ ಬಂದಾಗ ಎರಡು ಪದರದ ನಡುವೆ ನೀರು ನಿಲ್ಲುತ್ತದೆ. ಅದರ ಬದಲು ಮಳೆ ಬಿದ್ದ ಎರಡು ದಿನಕ್ಕೆ ಒಂದು ತೆಳು ಕಬ್ಬಿಣದ ಸರಳನ್ನು ಕೈಯಿಂದ ಒತ್ತಿ ನೋಡಿ. 6 ಇಂಚು ಇಳಿಯುವ ಮೊದಲೇ ನಿಂತರೆ ನೆಲ ಬಿಗಿದಿದೆ ಎಂದರ್ಥ. ನಾಟಿ ಮಾಡುವ ಜಾಗದಲ್ಲಿ ಮಾತ್ರ ಹಾರೆಯಿಂದ 10–12 ಇಂಚು ಸಡಿಲಿಸಿ, ಗಾರೆಯ ಉಂಡೆಗಳನ್ನು ಆರಿಸಿ ತೆಗೆದು, ಮೇಲೆ 1–2 ಇಂಚು ಕಾಂಪೋಸ್ಟ್ ಹರಡಿ ಬಿಡಿ. ಗಾರೆ ಆರಿಸುವ ಕೆಲಸವನ್ನು ಉದಾಸೀನ ಮಾಡಬೇಡಿ. ಸುಣ್ಣ ಮತ್ತು ಸಿಮೆಂಟ್ ಮಣ್ಣನ್ನು ಕ್ಷಾರೀಯವಾಗಿಸುತ್ತವೆ, ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಾರಣ ಬಹುಪಾಲು ಇದೇ. ಅಲ್ಲಿ ಗೊಬ್ಬರ ಸುರಿಯುವುದು ದಂಡ. ಜೇಡಿ ನೆಲವಿದ್ದವರು ಮರಳು ಬೆರೆಸಿ ಸಡಿಲ ಮಾಡಲು ಹೋಗಬೇಡಿ. ಸ್ವಲ್ಪ ಮರಳು ಸೇರಿದ ಜೇಡಿ ಒಣಗಿದಾಗ ಇಟ್ಟಿಗೆಯಷ್ಟೇ ಗಟ್ಟಿ. ಜೇಡಿಯನ್ನು ಸಡಿಲಿಸುವುದು ಎಲೆಗೊಬ್ಬರ ಮತ್ತು ಎರೆಹುಳು.

ಇಡೀ ಅಂಗಳವನ್ನು ಒಂದೇ ಸಲ ಎತ್ತಿಕೊಳ್ಳುವುದು ಎರಡನೆಯ ದೊಡ್ಡ ತಪ್ಪು. ವರ್ಷಕ್ಕೆ 100 ಚದರ ಅಡಿ ಸಾಕು. ಒಬ್ಬರು ಬಿಡುವಿನಲ್ಲಿ ಕಳೆ ಕಿತ್ತು ನಿಭಾಯಿಸಬಹುದಾದ ಅಳತೆ ಅದು. ಸಾವಿರ ಚದರ ಅಡಿ ಅಗೆದು, ಗಿಡ ನೆಟ್ಟು, ಎರಡು ತಿಂಗಳಲ್ಲಿ ಕಳೆ ಮೊಣಕಾಲುದ್ದ ಬೆಳೆದು, ಕೊನೆಗೆ ಜೆಸಿಬಿ ಕರೆಸಿದ ಉದಾಹರಣೆಗಳಿಗೆ ಲೆಕ್ಕವಿಲ್ಲ. ಮೊದಲ ವರ್ಷದ ಪಾತಿಯಲ್ಲಿ ಬೆಳೆದ ಗಿಡಗಳೇ ಎರಡನೆಯ ವರ್ಷದ ಪಾತಿಗೆ ಬೀಜ, ಕಡ್ಡಿ, ಮರಿ ಕೊಡುತ್ತವೆ. ಖರ್ಚು ಇಳಿಯುವುದು ಇಲ್ಲಿ. ಉಳಿದ ಜಾಗದಲ್ಲಿ ಸದ್ಯಕ್ಕೆ ಇರುವ ಹುಲ್ಲೇ ಇರಲಿ. ಕಾಲಿಟ್ಟು ಓಡಾಡುವಲ್ಲಿ, ಮಕ್ಕಳು ಆಡುವಲ್ಲಿ ಹುಲ್ಲು ಬೇಕೇ ಬೇಕು. ಯಾರೂ ಕಾಲಿಡದ ಮೂಲೆಯ ಹುಲ್ಲಿಗೆ ನೀರು, ಗೊಬ್ಬರ, ಕತ್ತರಿ ಯಾಕೆ ಎಂದಷ್ಟೇ ಪ್ರಶ್ನೆ.

ಆರಿಸಿದ 100 ಚದರ ಅಡಿಯ ಹುಲ್ಲು ಕಳೆಯನ್ನು ತೆಗೆಯಲು ಅಗೆಯಬೇಕಾಗಿಲ್ಲ. ಅಗೆದಷ್ಟೂ ಒಳಗೆ ಮಲಗಿದ್ದ ಕಳೆಬೀಜ ಬೆಳಕು ಕಂಡು ಎದ್ದುಬರುತ್ತದೆ. ಎರಡು ದಾರಿಗಳಿವೆ. ಬಿಸಿಲು ಚೆನ್ನಾಗಿರುವ ಕಡೆ, ವರ್ಷದ ಅತಿ ಬೇಸಗೆಯ ತಿಂಗಳಲ್ಲಿ ನೆಲ ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ಅಂಚನ್ನು ಮಣ್ಣಿನಲ್ಲಿ ಹೂತು 4ರಿಂದ 6 ವಾರ ಬಿಡುವುದು ಒಂದು. ಅಂಚಿನಿಂದ ಗಾಳಿ ಆಡಿದರೆ ಶಾಖ ಏರುವುದಿಲ್ಲ, ಕಳೆ ಸಾಯುವ ಬದಲು ಹಸಿರುಮನೆಯೊಳಗಿದ್ದಂತೆ ಸೊಂಪಾಗುತ್ತದೆ. ಇನ್ನೊಂದು, ರಟ್ಟು. ಟೇಪು, ಪಿನ್ನು, ಮಿರುಗುವ ಹಾಳೆ ಇಲ್ಲದ ಸಾದಾ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ, ಒಂದರ ಮೇಲೊಂದು 6 ಇಂಚು ಹಾಯುವಂತೆ ಹಾಸಿ, ಚೆನ್ನಾಗಿ ತೋಯಿಸಿ, ಮೇಲೆ 3–4 ಇಂಚು ತರಗೆಲೆ ಅಥವಾ ಮರದ ಚಕ್ಕೆ ಹರಡುವುದು. ರಟ್ಟಿನ ಸಂದಿಯಲ್ಲಿ ಒಂದಿಂಚು ಬಿಟ್ಟರೂ ಗರಿಕೆ, ಜೇಕಿನಂಥವು ಅಲ್ಲಿಂದಲೇ ತಲೆ ಎತ್ತುತ್ತವೆ. ಜೇಕಿನ ಗಡ್ಡೆಗಳಿಗೆ ರಟ್ಟು ಸಾಲದು ಎಂಬುದನ್ನೂ ಹೇಳಿಬಿಡಬೇಕು. ಅದನ್ನು ಗಡ್ಡೆ ಸಮೇತ ಕೀಳುತ್ತಲೇ ಇರಬೇಕು, ಬೇರೆ ಮಂತ್ರವಿಲ್ಲ. ರಟ್ಟನ್ನು ಒಂದೇ ಪದರ ಹಾಸಿ, ಅದು ಕರಗಿದ ಮೇಲೆ ಮತ್ತೆ ಹಾಸಬೇಡಿ. ದಪ್ಪ ಪದರದ ಕೆಳಗೆ ಮಣ್ಣಿಗೆ ಗಾಳಿ ಆಡುವುದಿಲ್ಲ. ಕಳೆ ತಡೆಯಲೆಂದು ಮಾರುವ ಪ್ಲಾಸ್ಟಿಕ್ ನೆಯ್ಗೆಯ ಬಟ್ಟೆಯನ್ನಂತೂ ಹತ್ತಿರ ಸೇರಿಸಬೇಡಿ. ಎರಡು ವರ್ಷದಲ್ಲಿ ಅದರ ಮೇಲೇ ಧೂಳು ಕೂತು ಕಳೆ ಹುಟ್ಟುತ್ತದೆ, ಬೇರು ನೆಯ್ಗೆಯೊಳಗೆ ಹೆಣೆದುಕೊಂಡು ಕೀಳಲೂ ಬರುವುದಿಲ್ಲ.

ಈಗ ಗಿಡದ ಲೆಕ್ಕ. 100 ಚದರ ಅಡಿಗೆ ಒಂದಡಿ ಅಂತರದಲ್ಲಿ ನೆಟ್ಟರೆ 100 ಗಿಡ ಬೇಕು. ಒಂದೂವರೆ ಅಡಿಗೆ 44, ಎರಡು ಅಡಿಗೆ 25, ಮೂರು ಅಡಿಗೆ 11. ಅಂತರ ಇಮ್ಮಡಿಯಾದರೆ ಗಿಡದ ಸಂಖ್ಯೆ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗೆಂದು ಎಲ್ಲವನ್ನೂ ದೂರ ನೆಟ್ಟರೆ ನಡುವಿನ ಬರಿ ನೆಲ ಕಳೆಯ ಪಾಲು. ಲೆಕ್ಕ ತಿಳಿದವರು ಮಾಡುವ ಉಪಾಯ ಇದು: ಪೊದೆಗಿಡಗಳನ್ನು 3 ಅಡಿಗೊಂದರಂತೆ 11 ಇಡಿ. ನಡುವೆ ನೆಲ ಹಬ್ಬುವ ಗಿಡಗಳನ್ನು ಎರಡಡಿಗೊಂದರಂತೆ ಸಿಕ್ಕಿಸಿ. ಮಿಕ್ಕ ಜಾಗಕ್ಕೆ ಒಂದೇ ವರ್ಷ ಬದುಕುವ, ಬೇಗ ಹೂಬಿಡುವ ಗಿಡಗಳ ಬೀಜ ಎರಚಿ. ಮೊದಲ ವರ್ಷ ಜಾಗ ತುಂಬುವುದು ಬೀಜದ ಹೂಗಿಡ, ಎರಡನೆಯ ವರ್ಷ ಹಬ್ಬುಗಿಡ, ಮೂರನೆಯ ವರ್ಷ ಪೊದೆ. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ರೂಪಿಸಿದ ಕಿರುಕಾಡಿನ ವಿಧಾನ ಈಚೆಗೆ ಬಹಳ ಜನಪ್ರಿಯ. ಚದರ ಮೀಟರಿಗೆ ಮೂರು ನಾಲ್ಕು ಮರದ ಸಸಿ ಒತ್ತೊತ್ತಾಗಿ ನೆಡುವ ಆ ಕ್ರಮ ಪಾಳುಬಿದ್ದ ಜಾಗಕ್ಕೆ ಒಪ್ಪುತ್ತದೆ. ಮನೆ ಗೋಡೆಯಿಂದ ಹತ್ತಡಿ ದೂರವೂ ಇಲ್ಲದ ಪಟ್ಟಿಗೆ ಅದನ್ನು ತರುವುದು ಖರ್ಚಿಗೂ ಸಲ್ಲದು, ತಳಪಾಯಕ್ಕೂ ಸಲ್ಲದು.

ಗಿಡಗಳನ್ನು ಕೊಳ್ಳುವುದಾದರೆ ಆದಷ್ಟು ಚಿಕ್ಕದನ್ನು ಕೊಳ್ಳಿ. ದೊಡ್ಡ ಗಿಡವನ್ನು ಕಿತ್ತು ತರುವಾಗ ಬೇರಿನ ಬಹುಭಾಗ ಕಳೆದಿರುತ್ತದೆ. ಕಾಂಡದ ಪ್ರತಿ ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಸುಧಾರಿಸಿಕೊಳ್ಳಲು ಬೇಕು ಎಂಬುದು ತಂಪು ಸೀಮೆಯಲ್ಲಿ ಮರ ನೆಟ್ಟು ಸಾಕುವ ಕಸುಬಿನವರು ಬಳಸುವ ಅಂದಾಜು. ಒಂದಡಿಯ ಸಸಿ ನಾಲ್ಕೈದು ವರ್ಷದಲ್ಲಿ ಆಳೆತ್ತರದ ಗಿಡವನ್ನು ಹಿಂದಿಕ್ಕುವುದು ಹೀಗೆ. ಕೊಳ್ಳುವ ಮೊದಲು ಚೀಲದಿಂದ ಗಿಡವನ್ನು ಮೆಲ್ಲಗೆ ಎಳೆದು ನೋಡಿ. ಬೇರು ಚೀಲದ ಗೋಡೆಗೆ ಸುತ್ತು ಹಾಕಿದ್ದರೆ ಆ ಗಿಡ ಹಳೆಯದು. ಅದನ್ನು ಹಾಗೇ ನೆಟ್ಟರೆ ಬೇರು ಅದೇ ಸುತ್ತಿನಲ್ಲಿ ದಪ್ಪವಾಗಿ ವರ್ಷಗಳ ನಂತರ ತನ್ನ ಕಾಂಡವನ್ನೇ ಹಿಸುಕುತ್ತದೆ. ಬೇರೆ ಗಿಡ ಸಿಗದಿದ್ದರೆ ಬೇರುಂಡೆಯ ಬದಿಯಲ್ಲಿ ಮೂರು ನಾಲ್ಕು ಕಡೆ ಒಂದಿಂಚು ಆಳ ಮೇಲಿಂದ ಕೆಳಕ್ಕೆ ಸೀಳಿ, ತಳದ ಸುರುಳಿಯನ್ನು ಕತ್ತರಿಸಿ ನೆಡಿ.

ಆದರೆ ಕಡಿಮೆ ಖರ್ಚಿನ ನಿಜವಾದ ದಾರಿ ಗಿಡವನ್ನು ತಾವೇ ಎಬ್ಬಿಸುವುದು. ಇದರಲ್ಲಿ ಮೂರು ಬಗೆ: ಬೀಜ, ಕಡ್ಡಿ, ಬುಡ ಒಡೆಯುವುದು.

ಬೀಜದ ಗುಟ್ಟೆಲ್ಲ ಅದರ ಸ್ವಭಾವ ತಿಳಿಯುವುದರಲ್ಲಿದೆ. ಕಕ್ಕೆಯಂಥ ಗಿಡಗಳ ಬೀಜಕ್ಕೆ ನೀರನ್ನು ಒಳಗೆ ಬಿಡದ ಗಟ್ಟಿ ಸಿಪ್ಪೆ. ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ, ಹಾಗೇ ಬಿತ್ತಿದರೆ ಹುಟ್ಟುವುದೂ ಇಲ್ಲ. ಕುದಿದ ನೀರನ್ನು ಒಲೆಯಿಂದ ಇಳಿಸಿ, ಬೀಜದ ಐದಾರು ಪಟ್ಟು ನೀರಿನಲ್ಲಿ ಅದನ್ನು ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಊದಿಕೊಂಡವನ್ನು ಬಿತ್ತಿ, ಊದದವಕ್ಕೆ ಮತ್ತೊಮ್ಮೆ ಅದೇ ಉಪಚಾರ. ಒಲೆಯ ಮೇಲೇ ಕುದಿಸಿದರೆ ಬೀಜ ಬೇಯುತ್ತದೆ. ಬೇವು, ನೇರಳೆಯ ಬೀಜ ಇದಕ್ಕೆ ತದ್ವಿರುದ್ಧ. ಹಣ್ಣಿನಿಂದ ಬಿಡಿಸಿದ ಕೆಲವೇ ವಾರಗಳಲ್ಲಿ ಜೀವ ಕಳೆದುಕೊಳ್ಳುತ್ತವೆ. ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತಿದವರು ಮಣ್ಣನ್ನೋ ನೀರನ್ನೋ ದೂರುತ್ತಾರೆ, ದೋಷ ಡಬ್ಬಿಯದು. ಬಿತ್ತುವ ಆಳ ಬೀಜದ ದಪ್ಪದ ಎರಡು ಮೂರು ಪಟ್ಟು. ಸಾಸಿವೆಗಿಂತ ಸಣ್ಣ ಬೀಜವನ್ನು ಮುಚ್ಚುವುದೇ ಬೇಡ, ಮರಳಿನ ಜೊತೆ ಬೆರೆಸಿ ಎರಚಿ ಅಂಗೈಯಿಂದ ಒತ್ತಿದರೆ ಸಾಕು. ಬಿತ್ತುವ ಮಿಶ್ರಣಕ್ಕೆ ಮಣ್ಣು, ಮರಳು, ಕಾಂಪೋಸ್ಟ್ ಸಮಪಾಲು. ಎಳೆಯ ಸಸಿಗಳು ಬುಡದಲ್ಲಿ ಕೊಳೆತು ಒಂದೇ ರಾತ್ರಿಯಲ್ಲಿ ಅಡ್ಡಬಿದ್ದರೆ ಅದು ಶಿಲೀಂಧ್ರದ ಕೆಲಸ. ಅದನ್ನು ಕರೆದುತಂದದ್ದು ಒತ್ತಾಗಿ ಬಿತ್ತಿದ್ದು ಮತ್ತು ಸಂಜೆ ಹೊತ್ತು ಅತಿಯಾಗಿ ನೀರುಣಿಸಿದ್ದು. ಬೆಳಗ್ಗೆ ನೀರು, ಮೇಲ್ಮಣ್ಣು ಆರಿದ ಮೇಲೆ ಮತ್ತೆ ನೀರು. 4 ಇಂಚು ಅಗಲ 6 ಇಂಚು ಎತ್ತರದ ಚೀಲ ಮೊದಲ ಕೆಲವು ತಿಂಗಳಿಗೆ ಸಾಕು. ಹಾಲಿನ ಪೊಟ್ಟಣದ ತಳಕ್ಕೆ ನಾಲ್ಕು ತೂತು ಹಾಕಿದರೂ ಅದೇ ಕೆಲಸವಾಗುತ್ತದೆ. ತೂತಿನಿಂದ ಬೇರು ಇಣುಕಿದ ಕೂಡಲೇ ನೆಲಕ್ಕೆ ಇಳಿಸಿಬಿಡಿ.

ಕಡ್ಡಿಗೆ ಅರೆಬಲಿತ ಕೊಂಬೆ ಬೇಕು, ಪೆನ್ಸಿಲ್ ದಪ್ಪ, 6 ಇಂಚು ಉದ್ದ, ನಾಲ್ಕು ಗೆಣ್ಣು. ಕೆಳಗಿನ ಕಡಿತ ಗೆಣ್ಣಿನ ಕೂಡಲೇ ಕೆಳಗೆ ಬರಲಿ, ಬೇರು ಒಡೆಯುವುದು ಹೆಚ್ಚಾಗಿ ಅಲ್ಲಿಂದ. ಮೇಲಿನ ತುದಿಯನ್ನು ಓರೆಯಾಗಿ, ಕೆಳಗಿನದನ್ನು ನೇರವಾಗಿ ಕತ್ತರಿಸಿಟ್ಟರೆ ತಲೆಕೆಳಗಾಗಿ ನೆಡುವ ಪ್ರಮಾದ ತಪ್ಪುತ್ತದೆ. ಎರಡು ಗೆಣ್ಣು ಮಣ್ಣಿನೊಳಗೆ, ಎರಡು ಹೊರಗೆ. ಕೆಳಗಿನ ಎಲೆ ಪೂರ್ತಿ ತೆಗೆದು, ಮೇಲಿನವನ್ನು ಅರ್ಧಕ್ಕೆ ಕತ್ತರಿಸಿ, ನೆರಳಿನಲ್ಲಿಡಿ. ಎರಡನೆಯ ವಾರ ಚಿಗುರು ಕಂಡಾಗ ಗೆದ್ದೆವೆಂದು ಬಿಸಿಲಿಗೆ ತರುವವರು ಬಹಳ. ಆ ಚಿಗುರು ಕಡ್ಡಿಯೊಳಗಿನ ಉಳಿತಾಯದಿಂದ ಬಂದದ್ದು, ಬೇರು ಇನ್ನೂ ಹುಟ್ಟಿರುವುದಿಲ್ಲ. 6ರಿಂದ 8 ವಾರ ಬಿಟ್ಟು ಮೆತ್ತಗೆ ಎಳೆದಾಗ ಕಡ್ಡಿ ಪ್ರತಿರೋಧ ತೋರಿದರೆ ಬೇರು ಬಂದಿದೆ. ಒಂದು ವಿಷಯ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ: ಒಂದೇ ತಾಯಿಗಿಡದ ಕಡ್ಡಿಗಳೆಲ್ಲ ತದ್ರೂಪುಗಳು. ರೋಗ ಬಂದರೆ ಎಲ್ಲಕ್ಕೂ ಒಟ್ಟಿಗೆ. ತನ್ನ ಪರಾಗದಿಂದ ತಾನೇ ಕಾಯಿಕಟ್ಟದ ಜಾತಿಯಾದರೆ ಹೂವು ಬಿಟ್ಟೂ ಹಣ್ಣಾಗುವುದಿಲ್ಲ, ಹಕ್ಕಿಗೆ ಏನೂ ಸಿಗುವುದಿಲ್ಲ. ನಾಲ್ಕೈದು ಬೇರೆ ಬೇರೆ ಗಿಡಗಳಿಂದ ಕಡ್ಡಿ ತನ್ನಿ.

ಬುಡ ಒಡೆಯುವುದು ಎಲ್ಲಕ್ಕಿಂತ ಸುಲಭ. ಗುಂಪಾಗಿ ಬೆಳೆಯುವ ಹುಲ್ಲು, ಗಡ್ಡೆಯ ಹೂಗಿಡಗಳನ್ನು ಎರಡು ಮೂರು ವರ್ಷಕ್ಕೊಮ್ಮೆ ಎಬ್ಬಿಸಿ, ಪ್ರತಿ ತುಂಡಿಗೂ ಬೇರು ಮತ್ತು ಚಿಗುರು ಇರುವಂತೆ ನಾಲ್ಕಾರು ಭಾಗ ಮಾಡಿ, ಎಲೆಯನ್ನು ಅರ್ಧಕ್ಕೆ ಕತ್ತರಿಸಿ ಅಂದೇ ನೆಡಬೇಕು.

ಯಾವ ಗಿಡ? ಹಸಿರಾಗಿರುವುದೆಲ್ಲ ಜೀವ ಸಾಕುತ್ತದೆ ಎಂಬುದು ದೊಡ್ಡ ತಪ್ಪುತಿಳಿವಳಿಕೆ. ಚಿಟ್ಟೆ ಯಾವ ಹೂವಿನ ಮಕರಂದವನ್ನಾದರೂ ಹೀರೀತು, ಮೊಟ್ಟೆ ಇಡುವುದು ಮಾತ್ರ ತನ್ನ ಮರಿ ತಿನ್ನಬಲ್ಲ ಕೆಲವೇ ಗಿಡಗಳ ಮೇಲೆ. ಎಕ್ಕದ ಎಲೆ ತಿಂದು ಬೆಳೆಯುವ ಚಿಟ್ಟೆ ಬೇರೆ, ನಿಂಬೆ ಕರಿಬೇವಿನ ಎಲೆ ತಿನ್ನುವುದು ಬೇರೆ, ಕಕ್ಕೆಯ ಚಿಗುರು ತಿನ್ನುವುದು ಬೇರೆ. ಹಕ್ಕಿಗಳ ವಿಷಯವೂ ಇಲ್ಲಿಗೇ ಬಂದು ಸೇರುತ್ತದೆ, ಏಕೆಂದರೆ ಕಾಳು ಹಣ್ಣು ತಿನ್ನುವ ಹಕ್ಕಿಗಳಲ್ಲೂ ಬಹುಪಾಲು ಮರಿಗಳಿಗೆ ಉಣಿಸುವುದು ಹುಳು. ಡೆಲವೇರ್ ವಿಶ್ವವಿದ್ಯಾಲಯದ ಕೀಟವಿಜ್ಞಾನಿ ಡಗ್ ಟಾಲಮಿ ಕೊಡುವ ಲೆಕ್ಕದಂತೆ ಅಮೆರಿಕದ ಚಿಕಡಿ ಎಂಬ ಪುಟ್ಟ ಹಕ್ಕಿಗೆ ಒಂದು ಗೂಡಿನ ಮರಿಗಳನ್ನು ಹಾರಿಸಲು 6,000ದಿಂದ 9,000 ಕಂಬಳಿಹುಳು ಬೇಕು. ಅವರೂ ಸಂಗಡಿಗರೂ ವಾಷಿಂಗ್ಟನ್ ಸುತ್ತಲಿನ ಮನೆಯಂಗಳಗಳಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಗಳದ ಸಸ್ಯರಾಶಿಯಲ್ಲಿ ಸ್ಥಳೀಯ ಗಿಡಗಳ ಪಾಲು ಶೇ 70ಕ್ಕಿಂತ ಕಡಿಮೆಯಾದ ಕಡೆ ಆ ಹಕ್ಕಿಯ ಸಂತತಿ ತನ್ನ ಸಂಖ್ಯೆ ಉಳಿಸಿಕೊಳ್ಳಲಾರದು ಎಂದು ಕಂಡುಬಂತು. ಇದನ್ನು ಖರ್ಚಿನ ಕಣ್ಣಿನಿಂದಲೂ ಓದಬಹುದು. ಉಳಿದ ಶೇ 30ರಲ್ಲಿ ಅಜ್ಜಿ ನೆಟ್ಟ ಹೂವು, ಮನೆಯವರ ಮೆಚ್ಚಿನ ಬಣ್ಣದೆಲೆ ಎಲ್ಲವೂ ಇರಬಹುದು, ಇರುವ ಗಿಡಗಳನ್ನೆಲ್ಲ ಕಿತ್ತೆಸೆದು ಹೊಸದಾಗಿ ಆರಂಭಿಸಬೇಕಿಲ್ಲ. ಒಂದು ಹಕ್ಕಿಯ, ಒಂದು ಸೀಮೆಯ ಅಂಕಿ ಅದು. ದಿಕ್ಕು ತೋರಿಸಲು ಮಾತ್ರ ಬಳಸಬೇಕು, ಅಳತೆಗೋಲಾಗಿ ಅಲ್ಲ.

ಕಿತ್ತೆಸೆಯಲೇಬೇಕಾದವೂ ಇವೆ. ಲಂಟಾನ, ಸುಬಾಬುಲ್, ಹಳದಿ ಹೂವಿನ ವೆಡೇಲಿಯಾ, ಈ ಮೂರೂ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿವೆ. ಆದರೂ ಅಗ್ಗ, ಬೇಗ ಹಬ್ಬುತ್ತವೆ ಎಂಬ ಕಾರಣಕ್ಕೆ ಅಂಗಳಕ್ಕೆ ಬರುತ್ತಲೇ ಇವೆ. ನೀರು ಕೇಳದೆ, ಯಾರೂ ನೋಡದೆ ಹಬ್ಬುವ ಗಿಡವನ್ನು ಯಾರಾದರೂ ಪುಕ್ಕಟೆ ಕೊಟ್ಟರೆ, ಅದರ ಹೆಸರನ್ನು ಮೊದಲು ವಿಚಾರಿಸಿ. ಒಂದರ ಮೇಲೊಂದು ಎಸಳು ತುಂಬಿದ ಮುದ್ದೆ ಹೂಗಳಲ್ಲಿ ಹಲವಕ್ಕೆ ಕೇಸರಗಳೇ ಎಸಳಾಗಿ ಬದಲಾಗಿರುತ್ತವೆ. ಜೇನಿಗೆ ಅಲ್ಲಿ ಪರಾಗ ಸಿಗುವುದಿಲ್ಲ, ಮಕರಂದ ಇದ್ದರೂ ನಾಲಗೆ ತಲುಪುವುದಿಲ್ಲ. ಒಂಟಿಸುತ್ತಿನ ಹೂವೇ ಮೇಲು, ಅದೇ ಅಗ್ಗ ಕೂಡ. ಕೊಂಡುತಂದ ಗಿಡಕ್ಕೆ ಮೈಯೊಳಗೆ ಹರಿಯುವ ಕೀಟನಾಶಕ ಹಾಕಿದ್ದಾರೆಯೇ ಎಂದು ಕೇಳುವ ರೂಢಿ ಬರಬೇಕು. ಇಮಿಡಾಕ್ಲೋಪ್ರಿಡ್‌ನಂಥವು ಪರಾಗ, ಮಕರಂದಕ್ಕೂ ಸೇರುತ್ತವೆ. ಜೇನಿಗೆ ಅಪಾಯವೆಂದು ಐರೋಪ್ಯ ಒಕ್ಕೂಟ 2018ರಲ್ಲಿ ಇದನ್ನೂ ಇದರ ಇಬ್ಬರು ದಾಯಾದಿಗಳನ್ನೂ ಬಯಲಿನಲ್ಲಿ ಬಳಸದಂತೆ ನಿಷೇಧಿಸಿತು. ಚಿಟ್ಟೆಗೆಂದು ನೆಟ್ಟ ಗಿಡವೇ ಅದರ ಮರಿಗೆ ವಿಷವಾದರೆ ಅದಕ್ಕಿಂತ ಸಂಕಟವಿಲ್ಲ.

ನೆಡುವಾಗ ಗುಂಡಿ ಬೇರುಂಡೆಯಷ್ಟೇ ಆಳ, ಎರಡು ಮೂರು ಪಟ್ಟು ಅಗಲ. ಕಾಂಡ ಅಗಲವಾಗಿ ಬೇರಾಗುವ ಬುಡ ನೆಲಮಟ್ಟಕ್ಕೆ ಕಾಣಬೇಕು. ಆಳಕ್ಕೆ ಹೂತ ಗಿಡ ತಕ್ಷಣ ಸಾಯುವುದಿಲ್ಲ, ಮೂರು ನಾಲ್ಕು ವರ್ಷ ನರಳಿ ಸಾಯುತ್ತದೆ, ಅಷ್ಟರಲ್ಲಿ ಕಾರಣ ಯಾರಿಗೂ ನೆನಪಿರುವುದಿಲ್ಲ. ಗುಂಡಿಗೆ ಬರೀ ಗೊಬ್ಬರ ತುಂಬಿದರೆ ಬೇರು ಆ ಸುಖ ಬಿಟ್ಟು ಹೊರಗಿನ ಮಣ್ಣಿಗೆ ಹೋಗುವುದಿಲ್ಲ. ಅಗೆದ ಮಣ್ಣನ್ನೇ ತುಂಬಿ, ಗೊಬ್ಬರವನ್ನು ಮೇಲೆ ಹರಡಿ. ಅದರ ಮೇಲೆ 3 ಇಂಚು ಹೊದಿಕೆ, ಕಾಂಡದಿಂದ ನಾಲ್ಕು ಬೆರಳು ದೂರ ಬಿಟ್ಟು. 100 ಚದರ ಅಡಿಗೆ 3 ಇಂಚೆಂದರೆ 25 ಘನ ಅಡಿ. ಒಣ ತರಗೆಲೆ ಮಳೆಗೆ ಕುಸಿಯುವುದರಿಂದ ಅದರ ಮೂರು ನಾಲ್ಕು ಪಟ್ಟು ಒಟ್ಟುಹಾಕಬೇಕು. ಹಸಿ ಮರದ ಚಕ್ಕೆ ಮಣ್ಣಿನ ಸಾರಜನಕ ಹೀರುತ್ತದೆ ಎಂಬ ಹೆದರಿಕೆ ಇದೆ. ಮಣ್ಣಿನಲ್ಲಿ ಬೆರೆಸಿದರೆ ಮಾತ್ರ ಅದು ನಿಜ, ಮೇಲೆ ಹರಡಿದರೆ ತೊಂದರೆಯಿಲ್ಲ. ಬಿಸಿಲು ಬೀಳುವ ಒಂದು ಮೂಲೆಯಲ್ಲಿ ನಾಲ್ಕೈದು ಚದರ ಅಡಿ ನೆಲವನ್ನು ಹೊದಿಕೆ ಇಲ್ಲದೆ ಬರಿದೇ ಬಿಡಿ. ಜಗತ್ತಿನ 20,000ಕ್ಕೂ ಹೆಚ್ಚು ಜಾತಿಯ ಜೇನು ದುಂಬಿಗಳಲ್ಲಿ ಸುಮಾರು ಶೇ 70 ಗೂಡು ಮಾಡುವುದು ಮಣ್ಣಿನೊಳಗೆ. ಹೆಚ್ಚಿನವು ಒಂಟಿಯಾಗಿ ಬದುಕುವಂಥವು, ಕೆಣಕದೆ ಕುಟುಕುವುದಿಲ್ಲ. ಇದಕ್ಕೆ ಒಂದು ಕಾಸಿನ ಖರ್ಚಿಲ್ಲ.

ನೀರಿನ ಮಾತಿಗೆ ಬರೋಣ. ಸ್ಥಳೀಯ ಗಿಡಕ್ಕೆ ನೀರು ಬೇಡ ಎಂದು ಹೇಳಿ ಮಾರುವವರಿದ್ದಾರೆ. ಬೇರು ಇಳಿಯುವ ಮೊದಲ ವರ್ಷ ಯಾವ ಗಿಡಕ್ಕೂ ಆ ಮಾತು ಹೊಂದುವುದಿಲ್ಲ. ದಿನಾ ಒಂದು ಚೊಂಬು ಚಿಮುಕಿಸುವುದಕ್ಕಿಂತ ಮೂರು ನಾಲ್ಕು ದಿನಕ್ಕೊಮ್ಮೆ ಪೊದೆಗೆ 4–5 ಲೀಟರ್ ನಿಧಾನವಾಗಿ ಇಳಿಯುವಂತೆ ಕೊಡಿ. ಬೆರಳು ಮಣ್ಣಿನೊಳಗೆ ಎರಡು ಗೆಣ್ಣು ಇಳಿಸಿದಾಗ ತೇವ ತಗುಲಿದರೆ ಆ ದಿನ ಬೇಡ. ಮೇಲ್ಮೇಲೆ ನೀರುಂಡ ಬೇರು ಮೇಲೇ ಉಳಿದು ಮೊದಲ ಬಿಸಿಲಿಗೆ ಒಣಗುತ್ತದೆ.

ಚಾವಣಿಯ ನೀರನ್ನು ಚರಂಡಿಗೆ ಬಿಡುವ ಮನೆಗಳಲ್ಲಿ ಮಳೆಪಾತಿ, ಅಂದರೆ ಆ ನೀರು ನಿಂತು ಇಂಗುವಂಥ ತಗ್ಗಿನ ಪಾತಿ, ಮಾಡಬಹುದು. ಒಂದು ಚದರ ಅಡಿ ಚಾವಣಿಗೆ ಒಂದಿಂಚು ಮಳೆ ಬಿದ್ದರೆ 2.36 ಲೀಟರ್. 500 ಚದರ ಅಡಿಯಿಂದ ಹೆಚ್ಚುಕಡಿಮೆ 1,180 ಲೀಟರ್, ಆವಿಯಾಗಿ ಚೆಲ್ಲಿ ಹೋದದ್ದು ಕಳೆದರೆ ಸುಮಾರು ಸಾವಿರ. 75 ಚದರ ಅಡಿ ವಿಸ್ತಾರ, 6 ಇಂಚು ಆಳದ ತಗ್ಗು ಇಷ್ಟನ್ನೂ ಹಿಡಿಯುತ್ತದೆ. ಅಗೆಯುವ ಮೊದಲು ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ ಇಂಗಲು ಬಿಡಿ, ಮತ್ತೆ ತುಂಬಿ. ಎರಡನೆಯ ಸಲದ ನೀರು 24 ಗಂಟೆಯೊಳಗೆ ಇಂಗದಿದ್ದರೆ ಆ ಜಾಗ ಬಿಡಿ. ಮನೆಯ ಗೋಡೆಯಿಂದ 10 ಅಡಿ ದೂರ, ಶೌಚಗುಂಡಿಯ ಮೇಲಂತೂ ಬೇಡವೇ ಬೇಡ. ತಳ ಸಮತಟ್ಟಾಗಿರಲಿ. ತಗ್ಗಿನ ಬದಿಗೆ ಅಗೆದ ಮಣ್ಣಿನದೇ ಬದು ಹಾಕಿ, ಹೆಚ್ಚಾದ ನೀರು ಹೊರಹೋಗಲು ಒಂದು ಕಡೆ ಕಲ್ಲು ಹಾಸಿದ ಕಿಂಡಿ ಬಿಡಿ. ಈ ಕಿಂಡಿ ಮರೆತವರ ಬದು ಮೊದಲ ಜೋರು ಮಳೆಗೇ ಕೊಚ್ಚಿಹೋಗುತ್ತದೆ. ಸೊಳ್ಳೆಯ ಭಯಕ್ಕೆ ಉತ್ತರ ಗಡಿಯಾರದಲ್ಲಿದೆ: ಮೊಟ್ಟೆ ಸೊಳ್ಳೆಯಾಗಲು ಬಹುತೇಕ ಒಂದು ವಾರ ಬೇಕು, ಒಂದೆರಡು ದಿನದಲ್ಲಿ ಇಂಗುವ ಪಾತಿಯಲ್ಲಿ ಅದು ಹುಟ್ಟಲಾರದು. ಹಕ್ಕಿಗಿಡುವ ನೀರಿನ ಬಟ್ಟಲಿಗೂ ಇದೇ ಲೆಕ್ಕ. ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ತಿಕ್ಕಿ ತುಂಬಬೇಕು. ಆಳ 2 ಇಂಚು ಮೀರಬಾರದು, ತಳ ಒರಟಾಗಿರಬೇಕು.

ಕಲ್ಲುಹಾಸಿಗೆ ಹೆಚ್ಚು ಮಾತು ಬೇಡ. ಎರಡೂವರೆ ಅಡಿ ಅಗಲದ ಕಾಲುದಾರಿ ಸಾಕು. ಒಡೆದ ಕಾಂಕ್ರೀಟಿನ ತುಂಡುಗಳನ್ನು 2 ಇಂಚು ಮರಳಿನ ಮೇಲೆ ಸಂದಿ ಬಿಟ್ಟು ಕೂರಿಸಿದರೆ ನೀರೂ ಇಂಗುತ್ತದೆ, ಸಿಮೆಂಟೂ ಬೇಕಿಲ್ಲ. ರಾತ್ರಿಯಿಡೀ ಉರಿಯುವ ಬಿಳಿ ದೀಪದ ಬದಲು ಹಳದಿ ಬೆಳಕು, ಯಾರಾದರೂ ಬಂದಾಗ ಮಾತ್ರ ಹೊತ್ತುವಂತೆ. ನೀಲಿ ಹೆಚ್ಚಿರುವ ಬೆಳಕು ಪತಂಗಗಳನ್ನು ಹೆಚ್ಚು ಸೆಳೆದು ಸುಸ್ತಾಗಿಸಿ ಕೊಲ್ಲುತ್ತದೆ.

ನೆರೆಯವರ ದೂರು ಈ ಕೆಲಸವನ್ನು ಅರ್ಧಕ್ಕೆ ನಿಲ್ಲಿಸುವ ದೊಡ್ಡ ಕಾರಣ. ಕಾಡು ಬೆಳೆಸಿದ್ದಾರೆ, ಹಾವು ಬರುತ್ತದೆ ಎಂಬ ಮಾತು. ಆ ಭಯವನ್ನು ಹಗುರವಾಗಿ ಕಾಣಬಾರದು. ಗೋಡೆಯ ಸುತ್ತ 3 ಅಡಿ, ಬಾಗಿಲು ಮತ್ತು ದಾರಿಯ ಎರಡೂ ಬದಿ ಒಂದೂವರೆ ಅಡಿ ನೆಲವನ್ನು ಗಿಡ್ಡವಾಗಿ, ಸ್ವಚ್ಛವಾಗಿ ಇಡಿ. ಎಲೆರಾಶಿ, ಸೌದೆ ರಾಶಿ ಮನೆಯಿಂದ ದೂರದ ಮೂಲೆಯಲ್ಲಿರಲಿ. ಹಾವು ಹುಡುಕಿ ಬರುವುದು ಇಲಿಯನ್ನು, ಆದ್ದರಿಂದ ಚೆಲ್ಲಿದ ಕಾಳು, ಬಿಸಾಡಿದ ಅನ್ನ ಅಂಗಳದಲ್ಲಿ ಇರಬಾರದು. ಎತ್ತರದ ಗಿಡ ಹಿಂದೆ, ಕುಳ್ಳು ಗಿಡ ಮುಂದೆ, ಪಾತಿಯ ಅಂಚು ಗೆರೆ ಹೊಡೆದಂತೆ. ಇಷ್ಟು ಕಂಡರೆ ದಾರಿಹೋಕರಿಗೆ ಇದು ಬೇಕೆಂದೇ ಬೆಳೆಸಿದ ತೋಟ ಎಂದು ತಿಳಿಯುತ್ತದೆ. ಗಿಡದ ಹೆಸರಿನ ಪುಟ್ಟ ಫಲಕ ಇನ್ನೂ ಒಳ್ಳೆಯದು.

ಮನೆಯವರು ಮಾಡುವುದು ಇಷ್ಟಾದರೆ, ಆಡಳಿತ ಮಾಡಬೇಕಾದದ್ದೂ ಇದೆ. ಬೀದಿಮರದ ತರಗೆಲೆಯನ್ನು ಸುಡುವುದು, ಕತ್ತರಿಸಿದ ಕೊಂಬೆಯನ್ನು ಕಸದ ರಾಶಿಗೆ ಸಾಗಿಸುವುದು ಎರಡೂ ನಿಂತು, ಅದನ್ನು ಚಕ್ಕೆ ಮಾಡಿ ಕೇಳಿದ ಮನೆಗೆ ಕೊಡುವಂತಾದರೆ ಹೊದಿಕೆಯ ಖರ್ಚು ಸೊನ್ನೆ. ಸರಕಾರಿ ಸಸ್ಯಕ್ಷೇತ್ರಗಳು ಮರದ ಸಸಿಯ ಜೊತೆ ಪೊದೆ, ಬಳ್ಳಿ, ಹುಲ್ಲನ್ನೂ ಬೆಳೆಸಬೇಕು. ಚಿಕ್ಕ ಅಂಗಳಕ್ಕೆ ಬೇಕಿರುವುದು ಅವೇ, ಸಿಗದಿರುವುದೂ ಅವೇ. ಅಮೆರಿಕದ ಮಿನ್ನೆಸೋಟ ರಾಜ್ಯ 2019ರಲ್ಲಿ, ಹುಲ್ಲುಹಾಸನ್ನು ದುಂಬಿಗಳಿಗೆ ನೆರವಾಗುವ ಪಾತಿಯಾಗಿ ಬದಲಿಸುವ ಮನೆಯವರಿಗೆ ಖರ್ಚಿನ ಪಾಲನ್ನು ಮರಳಿಸುವ ಯೋಜನೆ ತಂದಿತು. ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಅಂಗಳಕ್ಕೆ ಜಲ್ಲಿ ಸುರಿಯುವುದು ಸಲ್ಲದೆಂದು 2020ರಲ್ಲಿ ಕಾನೂನಿನಲ್ಲೇ ಬರೆಯಿತು. ಎರಡರಲ್ಲಿ ಮೊದಲನೆಯದೇ ನನಗೆ ಹಿತವೆನಿಸುತ್ತದೆ. ದುಡ್ಡಿಲ್ಲದವನ ಕೈಗೆ ನೋಟಿಸಿಗಿಂತ ಸಸಿ ಮೊದಲು ತಲುಪಲಿ.

ಪತ್ರಿಕೆಯಲ್ಲಿ ಒಂದು ಕೋರಿಕೆ. ಈ ತಿಂಗಳು ಯಾವ ಯಾವ ಗಿಡದ ಬೀಜ ಮಾಗಿದೆ, ಅದನ್ನು ಒಣಗಿಸಿ ಇಡಬೇಕೋ ಕೂಡಲೇ ಬಿತ್ತಬೇಕೋ, ಯಾವುದರ ಕಡ್ಡಿ ಈಗ ಹಿಡಿಯುತ್ತದೆ ಎಂದು ತಿಂಗಳಿಗೊಮ್ಮೆ ನಾಲ್ಕು ಸಾಲು ಪ್ರಕಟಿಸಿ. ಹವಾಮಾನ ವರದಿಯ ಕೆಳಗೆ ಎರಡಿಂಚು ಜಾಗ ಸಾಕು. ಬೀಜ ನಮ್ಮ ಕಾಲ ಕೆಳಗೇ ಬಿದ್ದು ಪ್ರತಿ ವರ್ಷ ಗುಡಿಸಿ ಹೋಗುತ್ತಿದೆ, ಯಾವ ವಾರ ಬಗ್ಗಿ ಹೆಕ್ಕಬೇಕೆಂದು ಮಾತ್ರ ಓದುಗರಿಗೆ ತಿಳಿಯಬೇಕಿದೆ.

ಇತಿ,
ಗಿಡ ಬೆಳೆಸುವ ಕಸುಬಿನ ಒಬ್ಬ ಓದುಗ